ಬದಲಿ ವಿದ್ಯುತ್ ವ್ಯವಸ್ಥೆ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಕಟ್ಟಡಗಳಲ್ಲಿ

ಕಂಬದ ತಂತಿಯಿಂದ ಬರುವ ವಿದ್ಯುತ್ತು ನಿಂತಾಗ, ನಿಲ್ಲಬಾರದ ಯಂತ್ರಗಳನ್ನು ನಡೆಸಲು ಕಟ್ಟಡದಲ್ಲೇ ಮಾಡಿಕೊಂಡಿರುವ ಏರ್ಪಾಡಿಗೆ ಬದಲಿ ವಿದ್ಯುತ್ ವ್ಯವಸ್ಥೆ ಎಂದು ಹೆಸರು. ಬ್ಯಾಟರಿ, ಯುಪಿಎಸ್, ಡೀಸೆಲ್ ಜನರೇಟರ್, ಚೇಂಜ್‌ಓವರ್ ಸ್ವಿಚ್, ಇವನ್ನು ಬೆಸೆಯುವ ಕೇಬಲ್ಲು, ಅರ್ಥಿಂಗ್ ಎಲ್ಲವೂ ಸೇರಿದರೇ ಅದು ವ್ಯವಸ್ಥೆ. ಮಾತಿನಲ್ಲಿ ಮಾತ್ರ ಎಲ್ಲಕ್ಕೂ 'ಜನರೇಟರ್' ಎಂಬ ಒಂದೇ ಹೆಸರು. ಹಲವು ತಪ್ಪುಗಳು ಶುರುವಾಗುವುದು ಇಲ್ಲಿಂದಲೇ. ಜನರೇಟರ್ ಕೊನೆಗೆ ಕೊಳ್ಳುವ ಸಾಮಾನು. ಮೊದಲು ಆಗಬೇಕಾದ ಕೆಲಸ ಹಾಳೆಯ ಮೇಲಿನದು: ಯಾವ ಯಂತ್ರ ಎಷ್ಟು ಸೆಕೆಂಡು ವಿದ್ಯುತ್ತಿಲ್ಲದೆ ಇರಬಲ್ಲದು, ಯಾವುದು ಎಷ್ಟು ಗಂಟೆ ನಡೆಯಲೇಬೇಕು ಎಂದು ಬರೆದುಕೊಳ್ಳುವುದು. ಅದಾದ ಮೇಲೆ ಊರಿನ ಮಣ್ಣು, ಬಿಸಿಲು, ನೀರಿನ ಮಟ್ಟ ನೋಡಬೇಕು. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ಊರುಗಳು ಹತ್ತಿರ ಹತ್ತಿರ ಇದ್ದರೂ ನೆಲದ ಗುಣ ಬೇರೆ ಬೇರೆ. ಆದ್ದರಿಂದ ಒಂದೇ ನಕ್ಷೆ ನಾಲ್ಕಕ್ಕೂ ಹೊಂದುವುದಿಲ್ಲ.

ವಿದ್ಯುತ್ತು ಬರುವ ದಾರಿ

ಜಿಲ್ಲೆಗೆ ವಿದ್ಯುತ್ ಹಂಚುವುದು 2002ರಲ್ಲಿ ಶುರುವಾದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ದೊಡ್ಡ ಸ್ಟೇಷನ್ನಿನಿಂದ 11 ಕಿಲೋವೋಲ್ಟಿನ ಫೀಡರ್ ಹೊರಟು, ಓಣಿಯ ಟ್ರಾನ್ಸ್‌ಫಾರ್ಮರಿನಲ್ಲಿ 415 ವೋಲ್ಟಿಗೆ ಇಳಿದು ಕಟ್ಟಡಕ್ಕೆ ಬರುತ್ತದೆ. ಈ ಟ್ರಾನ್ಸ್‌ಫಾರ್ಮರನ್ನು ನಮ್ಮ ಕಡೆ 'ಟಿಸಿ' ಎನ್ನುತ್ತಾರೆ.

ಕಟ್ಟಡದ ಒಳಗಿದ್ದವರಿಗೆ 'ಕರೆಂಟ್ ಹೋತು' ಎಂಬುದು ಒಂದೇ ಸಂಗತಿ. ವಿನ್ಯಾಸ ಮಾಡುವವನಿಗೆ ಅದು ನಾಲ್ಕಾರು ಬಗೆ. ಏಪ್ರಿಲ್–ಮೇ ತಿಂಗಳ ಗಾಳಿ ಮಳೆಗೆ ತಂತಿ ತಾಗಿ ಒಂದೆರಡು ಸೆಕೆಂಡು ಮಿಣುಕುವುದು ಒಂದು ಬಗೆ. ಜಂಪ್ ತಂತಿ ಕಟ್ಟಾಗಿಯೋ ಮರ ಬಿದ್ದೋ ಗಂಟೆಗಟ್ಟಲೆ ನಿಲ್ಲುವುದು ಇನ್ನೊಂದು. ಟಿಸಿ ಸುಟ್ಟರೆ ಬದಲಿಸುವ ತನಕ ಕಾಯಬೇಕು. ದುರಸ್ತಿಗೆಂದು ಲೈನ್‌ಮ್ಯಾನ್ ಎಲ್‌ಸಿ (ಲೈನ್ ಕ್ಲಿಯರ್) ಪಡೆದು ಲೈನ್ ಬಂದ್ ಮಾಡಿಸುವುದುಂಟು, ಅದು ಮೊದಲೇ ತಿಳಿದಿರುತ್ತದೆ. ಎಲ್ಲಕ್ಕಿಂತ ಮೋಸದ್ದು ಒಂದು ಫೇಸ್ ಮಾತ್ರ ಹೋಗುವುದು. ಉಳಿದ ಫೇಸಿನ ದೀಪ ಉರಿಯುತ್ತಲೇ ಇರುತ್ತದೆ, ಮೂರು ಫೇಸಿನ ಮೋಟರು ಹುಮ್ಮನೆ ದನಿ ಮಾಡುತ್ತಾ ಸುಡುತ್ತದೆ. ಒಳ್ಳೆಯ ನಿಯಂತ್ರಣ ಫಲಕ ವಿದ್ಯುತ್ತು ಇದೆಯೋ ಇಲ್ಲವೋ ಎಂದು ನೋಡಿ ಸುಮ್ಮನಾಗುವುದಿಲ್ಲ. ಮೂರೂ ಫೇಸನ್ನು ಬಿಡಿಬಿಡಿಯಾಗಿ ಗಮನಿಸುತ್ತದೆ.

ಪಕ್ಕದಲ್ಲೇ ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುದಾಗಾರ ಇರುವಾಗ ನಮಗೇಕೆ ಕತ್ತಲೆ ಎಂದು ಕೇಳುವವರಿದ್ದಾರೆ. ಅಲ್ಲಿ ಹುಟ್ಟಿದ ವಿದ್ಯುತ್ತು ಜಾಲಕ್ಕೆ ಸೇರಿ, ಜಾಲದಿಂದಲೇ ನಮಗೆ ಮರಳುತ್ತದೆ. ನಡುವಿನ ಒಂದು ಇನ್ಸುಲೇಟರ್ ಸೀಳಿದರೂ ಸಾಕು, ಆಗಾರ ಹತ್ತಿರವಿದ್ದೂ ಉಪಯೋಗವಿಲ್ಲ. ಜಾಲ ಪೂರ್ತಿ ಕುಸಿಯುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ ದಕ್ಷಿಣದ ಜಾಲ ಅದರೊಡನೆ ಏಕತಾಳದಲ್ಲಿ ಕೂಡಿರಲಿಲ್ಲವಾದ್ದರಿಂದ ಪಾರಾಯಿತು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದಿಂದ ಎರಡೂ ಒಂದಾದವು. ಈ ಕೂಡಿಕೆಯಿಂದ ಬಲ ಬಂತು, ಜತೆಗೆ ದೂರದ ಆಘಾತವೂ ಇಲ್ಲಿಗೆ ಮುಟ್ಟುವ ದಾರಿ ತೆರೆಯಿತು.

ಭಾರಗಳ ವಿಂಗಡಣೆ

ವಿದ್ಯುತ್ತು ಎಳೆಯುವ ಪ್ರತಿಯೊಂದು ಯಂತ್ರವನ್ನೂ 'ಲೋಡ್' ಅಥವಾ ಭಾರ ಎನ್ನುತ್ತಾರೆ. ಭಾರಗಳ ವಿಂಗಡಣೆಯೇ ಇಡೀ ವಿನ್ಯಾಸದ ಬುನಾದಿ, ಆಸ್ಪತ್ರೆಯಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆ ಇವೆ. ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿವೆ. ಪ್ರಮಾಣ ಬೇರೆಯಾದರೂ ವಿಂಗಡಣೆಯ ಕ್ರಮ ಒಂದೇ.

ಮೊದಲ ಗುಂಪು ಕಣ್ಣು ಮಿಟುಕಿಸುವಷ್ಟೂ ನಿಲ್ಲಬಾರದ್ದು: ಶಸ್ತ್ರಚಿಕಿತ್ಸೆಯ ದೀಪ, ಅರಿವಳಿಕೆ ಯಂತ್ರ, ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪ್. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನಕ ಶಸ್ತ್ರಚಿಕಿತ್ಸೆ ಮೇಜಿನ ದೀಪಕ್ಕೆ ಅರ್ಧ ಸೆಕೆಂಡಿನೊಳಗೆ ಬದಲಿ ವಿದ್ಯುತ್ತು ಸಿಗಬೇಕು ಎನ್ನುತ್ತದೆ. ಹೊಲಿಗೆ ಹಾಕುತ್ತಿರುವ ಕೈಗೆ ಕತ್ತಲೆಯ ಅರ್ಧ ಸೆಕೆಂಡೇ ಹೆಚ್ಚು. ಎರಡನೆಯದು ಹದಿನೈದು ಸೆಕೆಂಡು ತಡೆಯಬಲ್ಲವುಗಳ ಗುಂಪು: ಹಸುಗೂಸನ್ನು ಬೆಚ್ಚಗಿಡುವ ವಾರ್ಮರ್, ಆಮ್ಲಜನಕ ಯಂತ್ರ, ವಾರ್ಡಿನ ದೀಪ, ಲಿಫ್ಟು. ಮೂರನೆಯ ಗುಂಪಿನವು ಗಂಟೆಗಟ್ಟಲೆ ತಡೆಯಬಲ್ಲವು, ದಿನಗಟ್ಟಲೆ ತಡೆಯಲಾರವು. ರಕ್ತದ ಚೀಲಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಗೋಡೆಯಲ್ಲೇ ಮಂಜುಗಡ್ಡೆಯ ಪದರ ಇರುವುದರಿಂದ ದಿನಕ್ಕೆ ಎಂಟು ಗಂಟೆ ವಿದ್ಯುತ್ತು ಸಿಕ್ಕರೂ ಅದು ತಣ್ಣಗೆ ಉಳಿಯುತ್ತದೆ. ಬದಲಿ ವಿದ್ಯುತ್ತನ್ನು ತಂಪಾಗಿ ಕೂಡಿಟ್ಟ ಜಾಣತನ ಇದು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇದಕ್ಕಿಂತ ಸರಳ ಉಪಾಯವನ್ನು ಕಂಡಿಲ್ಲ.

ಉಳಿದವು ನಿಂತರೂ ನಡೆಯುತ್ತದೆ. ಆಡಳಿತ ಕೋಣೆಯ ಎಸಿ, ಗೀಸರ್, ಬೋರ್ಡಿನ ದೀಪ. ಇವನ್ನೂ ಜನರೇಟರಿಗೆ ಸೇರಿಸಿ ಎಂಬ ಒತ್ತಾಯ ಪ್ರತಿ ಕಟ್ಟಡದಲ್ಲೂ ಬರುತ್ತದೆ. ಒಪ್ಪಬಾರದು. ಎಂದೋ ಒಂದು ರಾತ್ರಿ ಎಲ್ಲ ಎಸಿಗಳೂ ಒಟ್ಟಿಗೆ ಚಾಲೂ ಆಗಿ ಜನರೇಟರಿನ ಬ್ರೇಕರ್ ಬಿದ್ದರೆ, ಅದರ ಜತೆ ವಾರ್ಮರೂ ನಿಲ್ಲುತ್ತದೆ.

ಆಸ್ಪತ್ರೆಯ ಹೊರಗೂ ಇದೇ ವಿಂಗಡಣೆ ಸಲ್ಲುತ್ತದೆ. ಬ್ಯಾಂಕಿಗೆ ಸರ್ವರು, ಕುಡಿಯುವ ನೀರಿನ ಘಟಕಕ್ಕೆ ಪಂಪು. ಇಳಕಲ್ಲಿನ ಕುಣಿಮಗ್ಗದ ನೇಕಾರನಿಗೆ ಒಂದು ದೀಪ ಸಾಕು, ಪವರ್‌ಲೂಮಿನವನಿಗೆ ಮೋಟರು ತಿರುಗಲೇಬೇಕು. ಅದೇ ಊರಿನ ಗ್ರಾನೈಟ್ ಕೊಯ್ಯುವ ಯಂತ್ರಗಳಿಗೆ ಡೀಸೆಲ್ ಸುಡುವುದಕ್ಕಿಂತ ವಿದ್ಯುತ್ತು ಬರುವ ತನಕ ಕಾಯುವುದೇ ಲೇಸು. ಆದರೆ ಆ ದೊಡ್ಡ ಮೋಟರುಗಳು ಎದ್ದಾಗ ವೋಲ್ಟೇಜು ಕುಸಿದು ನೆರೆಹೊರೆಯ ಸೂಕ್ಷ್ಮ ಯಂತ್ರಗಳಿಗೆ ತೊಂದರೆಯಾಗಬಹುದು. ಅಂಥ ಕಡೆ ಪ್ರಯೋಗಾಲಯದ ಯಂತ್ರಗಳ ಮುಂದೆ ಸರ್ವೋ ಸ್ಟೆಬಿಲೈಸರ್ ಇಡುವುದು ಅಗತ್ಯ.

ಮೊದಲ ಹದಿನೈದು ಸೆಕೆಂಡು

ಕರೆಂಟು ಹೋದ ಗಳಿಗೆ ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಏನೂ ಆಗಬಾರದು. ಆನ್‌ಲೈನ್ ಬಗೆಯ ಯುಪಿಎಸ್ ಹೊರಗಿನ ಎಸಿಯನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡಿಯೇ ಯಂತ್ರಗಳಿಗೆ ಕೊಡುತ್ತಿರುತ್ತದೆ. ಬ್ಯಾಟರಿ ಸದಾ ಆ ದಾರಿಯಲ್ಲೇ ಇರುವುದರಿಂದ ಬದಲಾವಣೆಯ ಅಂತರವೇ ಇಲ್ಲ. ಮನೆಯ ಇನ್ವರ್ಟರಿನ ಬದಲಾವಣೆಗೆ ಕೆಲವು ಮಿಲಿಸೆಕೆಂಡುಗಳು ಬೇಕು. ಫ್ಯಾನಿಗೆ ಅದು ಸಾಕಾದೀತು, ವೆಂಟಿಲೇಟರಿಗೆ ಸಾಲದು.

ಹೊರಗೆ ಎಎಂಎಫ್ (ಆಟೊ ಮೇನ್ಸ್ ಫೇಲ್ಯೂರ್) ಪ್ಯಾನೆಲ್ ಎಂಬ ಫಲಕ ಮೂರು ಫೇಸನ್ನೂ ನೋಡಿ, ಎರಡು ಮೂರು ಸೆಕೆಂಡು ಕಾಯುತ್ತದೆ. ಬರೀ ಮಿಣುಕಿಗೆ ಇಂಜಿನ್ ಎಬ್ಬಿಸಬಾರದಲ್ಲ! ಆಮೇಲೆ ಸ್ಟಾರ್ಟರಿಗೆ ಅಪ್ಪಣೆ ಹೋಗುತ್ತದೆ. ಇಂಜಿನ್ ಕೆಮ್ಮಿ, ಎದ್ದು, ನಿಮಿಷಕ್ಕೆ 1500 ಸುತ್ತು ಮುಟ್ಟಿದಾಗ 50 ಹರ್ಟ್ಸ್ ವಿದ್ಯುತ್ತು ಸಿದ್ಧ. ಚೇಂಜ್‌ಓವರ್ 'ಧಡ್' ಎಂದು ಈಚೆಯಿಂದ ಆಚೆಗೆ ಬೀಳುತ್ತದೆ. ವಾರ್ಡಿನ ದೀಪ ಹತ್ತುವಷ್ಟರಲ್ಲಿ ಹತ್ತು ಸೆಕೆಂಡು ಕಳೆದಿರುತ್ತದೆ. ವಿದ್ಯುತ್ತು ಮರಳಿದಾಗ ಫಲಕ ತಕ್ಷಣ ನಂಬುವುದಿಲ್ಲ. ಕೆಲವು ನಿಮಿಷ ಸ್ಥಿರವಾಗಿ ನಿಂತರಷ್ಟೇ ಹಿಂದಕ್ಕೆ ಬದಲಿಸಿ, ಇಂಜಿನ್ನನ್ನು ಖಾಲಿ ಓಡಿಸಿ, ತಣಿಸಿ ನಿಲ್ಲಿಸುತ್ತದೆ.

ಚೇಂಜ್‌ಓವರಿನ ಮುಖ್ಯ ಗುಣ ಜಾಲ ಮತ್ತು ಜನರೇಟರ್ ಎರಡೂ ಎಂದೂ ಒಟ್ಟಿಗೆ ಕೂಡದಂತೆ ತಡೆಯುವುದು. ಅಂಗಡಿಗಳಲ್ಲಿ, ಮದುವೆ ಮಂಟಪಗಳಲ್ಲಿ ಬಾಡಿಗೆ ಜನರೇಟರಿನ ವಯರನ್ನು ಯಾವುದೋ ಪ್ಲಗ್ಗಿಗೆ ಸಿಗಿಸುವ ರೂಢಿ ಕೊಲೆಗೆ ಸಮ. ಆ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಟಿಸಿಯಲ್ಲಿ 11 ಸಾವಿರ ವೋಲ್ಟಿಗೆ ಏರಿ ತಂತಿಗೆ ಮುಟ್ಟುತ್ತದೆ. ಲೈನ್ ಬಂದ್ ಆಗಿದೆ ಎಂದು ನಂಬಿದ ಲೈನ್‌ಮ್ಯಾನ್ ಆಗ ಕಂಬದ ಮೇಲಿರುತ್ತಾನೆ.

ಒಂದು ಲೆಕ್ಕ

ಹುನಗುಂದದಂಥ ಊರಿನಲ್ಲಿ 30 ಹಾಸಿಗೆಯ ಆಸ್ಪತ್ರೆ ಎಂದುಕೊಳ್ಳೋಣ. ಶಸ್ತ್ರಚಿಕಿತ್ಸೆಯ ದೀಪ 0.3 ಕಿಲೋವಾಟ್, ಅರಿವಳಿಕೆ ಯಂತ್ರ 0.5, ಎರಡು ವೆಂಟಿಲೇಟರ್ 0.6, ಆರು ಮಾನಿಟರ್ 0.6, ಸಿರಿಂಜ್ ಪಂಪುಗಳು 0.2, ವಿದ್ಯುತ್ ಕತ್ತರಿ 0.8, ಕಂಪ್ಯೂಟರ್ 1. ಒಟ್ಟು 4 ಕಿಲೋವಾಟ್. ಕಾಲು ಪಾಲು ಮುಂದಿನ ಬೆಳವಣಿಗೆಗೆಂದು ಸೇರಿಸಿದರೆ 5. ಪವರ್ ಫ್ಯಾಕ್ಟರ್ 0.8ರಂತೆ ಭಾಗಿಸಿದರೆ 6.25 ಕೆವಿಎ. ಆದ್ದರಿಂದ 7.5 ಕೆವಿಎ ಯುಪಿಎಸ್.

ಬ್ಯಾಟರಿ ಎಷ್ಟು? ಜನರೇಟರ್ ಹತ್ತು ಸೆಕೆಂಡಿಗೆ ಬರುತ್ತದೆ, ಅರ್ಧ ಗಂಟೆಯ ಬ್ಯಾಟರಿ ಏಕೆ ಎಂದು ಕೇಳಬಹುದು. ಜನರೇಟರ್ ಏಳದ ದಿನಕ್ಕಾಗಿ ಆ ಅರ್ಧ ಗಂಟೆ. ಹೊಟ್ಟೆ ಮುಚ್ಚಿ ಹೊಲಿಗೆ ಹಾಕಲು, ವೆಂಟಿಲೇಟರಿನ ರೋಗಿಗೆ ಕೈಯಿಂದ ಉಸಿರು ಒತ್ತುವ ಅಂಬು ಬ್ಯಾಗ್ ಹಿಡಿದು ಬೇರೆಡೆ ಸಾಗಿಸಲು ಸಿಗುವ ಸಮಯ ಅದು. 4 ಕಿಲೋವಾಟಿಗೆ ಅರ್ಧ ಗಂಟೆಗೆ 2 ಯೂನಿಟ್, ಯುಪಿಎಸ್ ಒಳಗಿನ ಸೋರಿಕೆ ಸೇರಿ 2.2. ಇಲ್ಲೇ ಅನೇಕರು ಎಡವುವುದು. ಸೀಸದ ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್ ನಿಧಾನವಾಗಿ ಹತ್ತೋ ಇಪ್ಪತ್ತೋ ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಅರ್ಧ ಗಂಟೆಯಲ್ಲಿ ಹಿಂಡಿದರೆ ಸುಮಾರು ಅರ್ಧವೇ ದಕ್ಕುತ್ತದೆ. ಹಳತಾದಾಗ ಉಳಿಯುವ ಶೇ. 80 ಶಕ್ತಿಯನ್ನೇ ನೆಚ್ಚಬೇಕು. ಹೀಗಾಗಿ ಬೇಕಾದದ್ದು 5.5 ಯೂನಿಟ್. 12 ವೋಲ್ಟಿನ 16 ಬ್ಯಾಟರಿಗಳ ಸಾಲಿನಲ್ಲಿ 26 ಆಂಪಿಯರ್-ಅವರಿನವು 5 ಯೂನಿಟ್ ಕೊಟ್ಟು ಕೊರತೆ ಬೀಳುತ್ತವೆ, 42ರವು ಸಾಕಾಗುತ್ತವೆ.

ಜನರೇಟರಿನ ಮೇಲೆ ಬರುವುದು: ಯುಪಿಎಸ್ 5, ವಾರ್ಮರ್ 1.5, ಫ್ರಿಜ್ಜುಗಳು 1, ಆಟೊಕ್ಲೇವ್ 6, ಶಸ್ತ್ರಚಿಕಿತ್ಸಾ ಕೋಣೆಯ ಎಸಿ 4.5, ದೀಪ–ಫ್ಯಾನು 4, ಆಮ್ಲಜನಕ ಯಂತ್ರ 1, 5 ಎಚ್‌ಪಿ ನೀರಿನ ಪಂಪು 3.7. ಒಟ್ಟು 26.7 ಕಿಲೋವಾಟ್, ಅಂದರೆ 33 ಕೆವಿಎ ಮೀರುತ್ತದೆ. 40 ಕೆವಿಎ ಸೆಟ್ ಸರಿ. ಆದರೆ ಪಂಪು ನೇರವಾಗಿ ಎದ್ದರೆ ಆ ಕ್ಷಣ ಆರು ಪಟ್ಟು ಕರೆಂಟು ಎಳೆಯುತ್ತದೆ, ಅದೊಂದೇ 30 ಕೆವಿಎ ದಾಟುತ್ತದೆ. ಅದಕ್ಕೆ ಸಾಫ್ಟ್ ಸ್ಟಾರ್ಟರ್ ಕೊಡಬೇಕು, ಇಲ್ಲವೇ ಉಳಿದ ಭಾರ ಬರುವ ಮೊದಲೇ ಪಂಪನ್ನು ಎಬ್ಬಿಸಬೇಕು. ದೊಡ್ಡ ಸೆಟ್ ತಂದರೆ ಎಲ್ಲ ಸರಿಹೋಯಿತು ಎಂಬುದೂ ಸರಿಯಲ್ಲ. ಡೀಸೆಲ್ ಇಂಜಿನ್ ಮೂರನೇ ಒಂದು ಪಾಲಿಗಿಂತ ಕಡಿಮೆ ಭಾರದಲ್ಲಿ ದಿನವೂ ಓಡಿದರೆ ಎಣ್ಣೆ ಪೂರ್ತಿ ಸುಡದೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಹದ ಭಾರದಲ್ಲಿ ಒಂದು ಲೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಹುಟ್ಟುತ್ತದೆ. ಈ ಆಸ್ಪತ್ರೆಗೆ ಪೂರ್ತಿ ಭಾರದಲ್ಲಿ ಗಂಟೆಗೆ ಎಂಟು ಲೀಟರ್ ಬೇಕು.

ಬಿಸಿಲು, ಮಣ್ಣು, ನೀರು, ದೂಳು

ಕಂಪನಿಯ ಕೈಪಿಡಿ ಹೇಳದ ಭಾಗ ಇದು. ನಮ್ಮ ಜಿಲ್ಲೆಯಲ್ಲಿ ವ್ಯವಸ್ಥೆ ಬಾಳುವುದೂ ಕೆಡುವುದೂ ಇದರಿಂದಲೇ.

ಸೀಸದ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಯ ಆಸುಪಾಸಿನ ಉಷ್ಣತೆಗೆ ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಪ್ರತಿ ಹತ್ತು ಡಿಗ್ರಿ ಏರಿದಾಗ ಆಯುಷ್ಯ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲೋ ತಗಡಿನ ಮಾಡಿನ ಕೆಳಗೋ ಬ್ಯಾಟರಿ ಇಟ್ಟರೆ ಐದು ವರ್ಷದ್ದು ಎರಡೂವರೆ ವರ್ಷಕ್ಕೇ ಸೋಲುತ್ತದೆ. ಉತ್ತರ ಮುಖದ, ದಪ್ಪ ಗೋಡೆಯ, ಗಾಳಿಯಾಡುವ ಕೋಣೆ ಬೇಕು. ಗಾಳಿಯಾಡಬೇಕೆನ್ನಲು ಇನ್ನೊಂದು ಕಾರಣ, ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೆ ಒಂದು ಕಿಡಿಗೇ ಸಿಡಿಯುತ್ತದೆ.

ಮಣ್ಣಿನ ಮಾತು ಇನ್ನೂ ಆಳದ್ದು. ಸೋರಿದ ವಿದ್ಯುತ್ತು ಮನುಷ್ಯನ ಮೈಯಿಂದ ಇಳಿಯದೆ ನೆಲಕ್ಕೆ ಇಳಿಯಬೇಕಾದರೆ ಅರ್ಥಿಂಗ್ ಚೆನ್ನಾಗಿರಬೇಕು. ಬಾಗಲಕೋಟೆ, ಹುನಗುಂದದ ಎರೆ ಭೂಮಿ ಹಸಿಯಾಗಿದ್ದಾಗ ವಿದ್ಯುತ್ತಿಗೆ ಸಲೀಸಾದ ದಾರಿ. ಅದರ ರೋಧಕತೆ 10 ಓಮ್-ಮೀಟರ್ ಎಂದು ಹಿಡಿದರೆ, 40 ಮಿಲಿಮೀಟರ್ ವ್ಯಾಸದ, 3 ಮೀಟರ್ ಉದ್ದದ ಒಂದು ಪೈಪು ಹುಗಿದರೆ ಮೂರು ಓಮಿನ ಒಳಗೆ ಸಿಗುತ್ತದೆ. ಇಳಕಲ್ಲಿನ ಗ್ರಾನೈಟು, ಬಾದಾಮಿಯ ಮರಳುಗಲ್ಲಿನ ಮೇಲೆ ರೋಧಕತೆ ಸಾವಿರಕ್ಕೆ ಏರಿದರೆ ಅದೇ ಪೈಪು 280 ಓಮ್ ದಾಟುತ್ತದೆ. ಇದ್ದೂ ಇಲ್ಲದಂತೆ. ಬಂಡೆಯ ಮೇಲೆ ಉದ್ದ ಕಾಲುವೆ ತೋಡಿ, ಸತು ಲೇಪಿಸಿದ ಪಟ್ಟಿ ಹಾಸಿ, ಎರೆ ಮಣ್ಣನ್ನೋ ಬೆಂಟೊನೈಟನ್ನೋ ತಂದು ತುಂಬಿ, ಹಲವು ಗುಂಡಿಗಳನ್ನು ಒಂದಕ್ಕೊಂದು ಕೂಡಿಸುವುದು ದಾರಿ. ಎರೆ ಭೂಮಿಯವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಬೇಸಿಗೆಯಲ್ಲಿ ಎರೆ ಕೈ ತೂರುವಷ್ಟು ಬಿರಿಯುತ್ತದೆ, ಮಣ್ಣು ಪೈಪನ್ನು ಬಿಟ್ಟು ಸರಿಯುತ್ತದೆ. ಅರ್ಥಿಂಗ್ ಅಳೆಯಬೇಕಾದದ್ದು ಮೇ ತಿಂಗಳಲ್ಲಿ. ಆಗಸ್ಟಿನ ಹಸಿಯಲ್ಲಿ ಅಳೆದ ಅಂಕಿ ಮನಸ್ಸಿಗೆ ಸಮಾಧಾನ ಕೊಟ್ಟೀತು, ಜೀವಕ್ಕೆ ಕಾವಲಾಗದು. ಹಿಗ್ಗಿ ಕುಗ್ಗುವ ಇದೇ ಮಣ್ಣು ಜನರೇಟರಿನ ಕಟ್ಟೆಯನ್ನೂ ಎತ್ತಿ ಕೆಡವುತ್ತದೆ. ಆದ್ದರಿಂದ ಎರೆಯನ್ನು ತೆಗೆದು ಗರಸು ತುಂಬಿ ಗುದ್ದಿದ ಮೇಲೆ ಕಾಂಕ್ರೀಟ್ ಹಾಕಬೇಕು.

ನೀರಿನ ಪಾಠವನ್ನು ಈ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಮುಳುಗಿ ನವನಗರ ಎದ್ದಿತು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಪ್ರವಾಹ ಬಂತು, 2019ರಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು. ಜಗತ್ತಿನ ದೊಡ್ಡ ಉದಾಹರಣೆ ಜಪಾನಿನ ಫುಕುಶಿಮಾ. 2011ರ ಮಾರ್ಚ್ 11ರಂದು ಭೂಕಂಪದಿಂದ ಹೊರಗಿನ ವಿದ್ಯುತ್ತು ಹೋದಾಗ ಡೀಸೆಲ್ ಜನರೇಟರುಗಳು ಸರಿಯಾಗಿಯೇ ಎದ್ದವು. ಸುನಾಮಿಯ ನೀರು ನೆಲಮಾಳಿಗೆಗೆ ನುಗ್ಗಿದಾಗ ಹೆಚ್ಚಿನವು ನಿಂತುಹೋದವು. ನೆಲಮಾಳಿಗೆಯಲ್ಲಿ ಜನರೇಟರ್, ಪ್ಯಾನೆಲ್, ಡೀಸೆಲ್ ಪಂಪು ಇಡುವ ನಕ್ಷೆಯನ್ನು ನದಿ ದಂಡೆಯ ಯಾವ ಊರಲ್ಲೂ ಒಪ್ಪಬಾರದು. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.6 ಮೀಟರ್, 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಘಟಪ್ರಭೆಯ ಬದಿಗೆ ಕಟ್ಟುವವರು ಪ್ಯಾನೆಲಿನ ಎತ್ತರವನ್ನು ಎರಡನೆಯ ಅಂಕಿಯಿಂದಲೇ ಅಳೆಯಲಿ. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಏರುವುದು ಖಚಿತವಾದಾಗ ಬಸವಣ್ಣನ ಐಕ್ಯಸ್ಥಳವನ್ನು ಕದಲಿಸದೆ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಉಳಿಸಿಕೊಂಡರು. ಅತಿಮುಖ್ಯವಾದದ್ದು ಯಾವುದೆಂದು ಮೊದಲು ಗುರುತಿಸಿ, ನೀರು ಏರುವ ಮುನ್ನವೇ ಅದಕ್ಕೆ ಕಾವಲು ಕಟ್ಟಿದ ಕೆಲಸವದು.

ದೂಳು ಇಳಕಲ್ಲಿನ ಕಲ್ಲಿನ ಪುಡಿಯಾಗಿರಲಿ, ಬಾದಾಮಿಯ ಕೆಂಪು ಮರಳಾಗಿರಲಿ, ಇಂಜಿನ್ನಿನ ಏರ್ ಫಿಲ್ಟರನ್ನು ಕಟ್ಟುತ್ತದೆ, ರೇಡಿಯೇಟರಿನ ರೆಕ್ಕೆಗಳಲ್ಲಿ ಕೂರುತ್ತದೆ. ಬಿಸಿ ಗಾಳಿ ಮತ್ತೆ ಅದೇ ರೇಡಿಯೇಟರಿಗೆ ಮರಳದಂತೆ ದಾರಿ ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಸಣ್ಣ ಜನರೇಟರನ್ನೂ ಓಡಿಸಬಾರದು. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಸೌರಫಲಕಗಳು

ಚಾವಣಿಯ ತುಂಬ ಸೌರಫಲಕ ಇದ್ದರೂ ಕರೆಂಟು ಹೋದಾಗ ಕಟ್ಟಡ ಕತ್ತಲಾಗುವುದು ಹಲವರಿಗೆ ಆಶ್ಚರ್ಯ. ಜಾಲಕ್ಕೆ ಕೂಡಿಸಿದ ಸಾದಾ ಇನ್ವರ್ಟರ್, ಜಾಲ ಸತ್ತೊಡನೆ ತಾನೂ ನಿಲ್ಲಬೇಕೆಂಬುದೇ ನಿಯಮ. ಕಂಬದ ಮೇಲಿನವನ ಜೀವಕ್ಕಾಗಿ ಅದು. ಬದಲಿ ವಿದ್ಯುತ್ತಾಗಿ ಸೂರ್ಯನನ್ನು ಬಳಸಲು ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರ್ ಬೇಕು. ಬಿಸಿಲಿಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದಿಗೆ ಅದನ್ನು ಫ್ರಿಜ್ಜು, ದೀಪ, ಕಂಪ್ಯೂಟರುಗಳಿಗೆ ಕೊಟ್ಟರೆ ಡೀಸೆಲ್ ಉಳಿಯುತ್ತದೆ. ಮೋಡ ಕವಿದ ಮಳೆಗಾಲದ ವಾರಕ್ಕೆ ಜನರೇಟರ್ ಇರಲೇಬೇಕು.

ನಿಯಮಗಳು

ಜನರೇಟರ್ ಚಾಲೂ ಮಾಡುವ ಮೊದಲು, ಸಾಮರ್ಥ್ಯಕ್ಕೆ ತಕ್ಕಂತೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಪಡೆಯಬೇಕು. ಕವಚದಿಂದ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದು. 2023ರ ಜುಲೈನಿಂದ ಹೊಸ ಸೆಟ್ಟುಗಳಿಗೆ ನಾಲ್ಕನೆಯ ಹಂತದ ಬಿಗಿ ಹೊಗೆ ಮಿತಿ ಅನ್ವಯಿಸುತ್ತದೆ. ಹೊಗೆ ಕೊಳವೆ ಕಟ್ಟಡದ ಎತ್ತರಕ್ಕಿಂತ ಎಷ್ಟು ಮೇಲಿರಬೇಕೆಂಬುದಕ್ಕೆ ಸೂತ್ರವಿದೆ: ಕೆವಿಎಯ ವರ್ಗಮೂಲದ ಐದನೇ ಒಂದು ಪಾಲು ಮೀಟರ್. 40 ಕೆವಿಎಗೆ ಅದು 1.26 ಮೀಟರ್.

ಬಾದಾಮಿಗೆ ಇನ್ನೊಂದು ಕಟ್ಟು ಇದೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಜನರೇಟರಿನ ಕೋಣೆಯೂ ಕಟ್ಟಡವೇ. ಗುಹೆಗಳ ತಪ್ಪಲಿನಲ್ಲಿ, ಅಗಸ್ತ್ಯ ತೀರ್ಥದ ಬದಿಯಲ್ಲಿ ಡೀಸೆಲ್ ಹೊಗೆಗಿಂತ ಬ್ಯಾಟರಿಯೇ ಒಪ್ಪುವ ದಾರಿ. ಸಾವಿರದ ನಾನೂರು ವರ್ಷ ಉಳಿದ ಮರಳುಗಲ್ಲಿನ ಮೇಲೆ ಮಸಿ ಕೂರಬಾರದು.

ಪರೀಕ್ಷೆ ಮತ್ತು ನಿತ್ಯದ ನಿಗಾ

2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ಬೋಧನಾ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ವಿದ್ಯುತ್ ವ್ಯತ್ಯಯವಾಯಿತು. ಅಂದು ಅಲ್ಲಿ ರೋಗಿಗಳು ತೀರಿಕೊಂಡರು. ಸಾವಿಗೆ ವಿದ್ಯುತ್ತೇ ಕಾರಣವೇ ಎಂಬುದು ವಿವಾದವಾಗಿ ವಿಧಾನಸಭೆಯಲ್ಲಿ ಚರ್ಚೆಯಾಯಿತು, ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ವರದಿಗಳು ಹೇಳಿದ್ದು ಕೇಬಲ್ ದೋಷದ ಮಾತನ್ನು. ವಿನ್ಯಾಸದವರು ಅದನ್ನು ಗಟ್ಟಿಯಾಗಿ ಹಿಡಿಯಬೇಕು. ಜನರೇಟರಿನಿಂದ ಹಾಸಿಗೆಯವರೆಗೆ ಒಂದೇ ಕೇಬಲ್ ಇದ್ದರೆ, ಆ ಕೇಬಲ್ ಸುಟ್ಟ ದಿನ ಎರಡು ಜನರೇಟರ್ ಇದ್ದರೂ ಹಾಸಿಗೆಗೆ ವಿದ್ಯುತ್ತು ಮುಟ್ಟುವುದಿಲ್ಲ. ತೀವ್ರ ನಿಗಾ ಘಟಕಕ್ಕೆ ಎರಡು ಬೇರೆ ದಾರಿಯಲ್ಲಿ ಎರಡು ಕೇಬಲ್ ಹೋಗಬೇಕು. ಪ್ರತಿ ಹಾಸಿಗೆಯ ಸಾಕೆಟ್ಟುಗಳಲ್ಲಿ ಅರ್ಧ ಒಂದರಿಂದ, ಉಳಿದರ್ಧ ಇನ್ನೊಂದರಿಂದ ಬರಬೇಕು.

ಅಮೆರಿಕದ ಅಗ್ನಿರಕ್ಷಣಾ ಮಾನಕ ಜನರೇಟರನ್ನು ತಿಂಗಳಿಗೊಮ್ಮೆ, ಕನಿಷ್ಠ ಶೇ. 30 ಭಾರದಲ್ಲಿ, ಅರ್ಧ ಗಂಟೆ ಓಡಿಸಬೇಕೆನ್ನುತ್ತದೆ. ಬರೀ ಇಂಜಿನ್ ಚಾಲೂ ಮಾಡಿ ಬಂದ್ ಮಾಡಿದರೆ ಅದು ಪರೀಕ್ಷೆಯಲ್ಲ. ಮುಖ್ಯ ಬ್ರೇಕರನ್ನೇ ಕೆಡವಿ, ಕತ್ತಲಾದಂತೆ ಮಾಡಿ, ಚೇಂಜ್‌ಓವರ್ ಬೀಳುವವರೆಗೆ ಗಡಿಯಾರ ಹಿಡಿದು ನಿಲ್ಲಬೇಕು. ಜನರೇಟರ್ ಏಳದಿರಲು ತೀರ ಸಾಮಾನ್ಯ ಕಾರಣ ಇಂಜಿನ್ನಿನ ದೋಷವಲ್ಲ, ಸ್ಟಾರ್ಟರಿನ ಬ್ಯಾಟರಿ ಇಳಿದಿರುವುದು. ತುದಿಗೆ ಬಿಳಿ ಉಪ್ಪು ಕಟ್ಟಿದ ಟರ್ಮಿನಲ್ಲು, ಬತ್ತಿದ ಡಿಸ್ಟಿಲ್ಡ್ ವಾಟರ್, ಸುಟ್ಟ ಚಾರ್ಜರ್. ಡೀಸೆಲ್ ಕೂಡ ವರ್ಷಗಟ್ಟಲೆ ನಿಂತರೆ ತಳದಲ್ಲಿ ನೀರು ಸೇರಿ ಲೋಳೆ ಕಟ್ಟುತ್ತದೆ. ಟ್ಯಾಂಕಿನ ತಳದ ನಲ್ಲಿಯಿಂದ ಆಗಾಗ ನೀರು ಬಸಿಯಬೇಕು.

ಇದೆಲ್ಲ ಸರಿಯಿದ್ದೂ ಕೈಕೊಡುವ ಇನ್ನೊಂದು ಜಾಗವಿದೆ, ಎಎಂಎಫ್ ಫಲಕದ ಮೇಲಿನ ಹಿಡಿ. ಸರ್ವಿಸಿಗೆ ಬಂದ ಮೆಕ್ಯಾನಿಕ್ ತನ್ನ ಬೆರಳು ಉಳಿಸಿಕೊಳ್ಳಲು ಅದನ್ನು 'ಆಫ್'ಗೆ ತಿರುಗಿಸಿ ಕೆಲಸ ಮಾಡುತ್ತಾನೆ, ಹೋಗುವಾಗ ಮರೆಯುತ್ತಾನೆ. ರಾತ್ರಿ ಪಾಳಿಯ ಸಿಬ್ಬಂದಿಗೆ 'ಆಟೊ', 'ಆಫ್', 'ಮ್ಯಾನ್ಯುಯಲ್' ಎಂಬ ಇಂಗ್ಲಿಷಿನ ಮೂರು ಪದ ಓದಿ ತಿಳಿಯುವುದು ಕಷ್ಟ. 'ಆಟೊ' ಇರುವ ಕಡೆ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದು ಅಂಟಿಸಬೇಕು: 'ಹಿಡಿ ಯಾವಾಗಲೂ ಹಸಿರಿನ ಮೇಲೆ ಇರಬೇಕು. ಕರೆಂಟ್ ಹೋಗಿ ಇಪ್ಪತ್ತು ಎಣಿಸಿದರೂ ಜನರೇಟರ್ ಚಾಲೂ ಆಗದಿದ್ದರೆ ಹಿಡಿಯನ್ನು ಎಡಕ್ಕೆ ತಿರುಗಿಸಿ ಹಸಿರು ಗುಂಡಿ ಒತ್ತಿರಿ. ಆಗಲೂ ಆಗದಿದ್ದರೆ ಮೊದಲು ಐಸಿಯು ನರ್ಸಿಗೆ ಹೇಳಿ, ಆಮೇಲೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.'